ಕೋವಿಡ್ ಕಾಲದ ಹಲ್ಲುನೋವು

ಕೋವಿಡ್ ಕಾಲದಲ್ಲಿ ಮುಂಬಯಿಯಲ್ಲಿ ಯಾರಿಗಾದರೂ ಹಲ್ಲುನೋವು ಬಂತು ಅಂದರೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು. ‘ಈಗ ಬೇಡ, ಸ್ವಲ್ಪ ತಡ್ಕೊಳ್ಳಿ.’ ಮನೆಯವರೂ ಅದನ್ನೇ ಹೇಳುತ್ತಿದ್ದರು, ಪಕ್ಕದ ಮನೆಯವರೂ ಅದನ್ನೇ ಹೇಳುತ್ತಿದ್ದರು. ಮೆಡಿಕಲ್ ಅಂಗಡಿಯ ಹುಡುಗ ಮಾತ್ರೆ ಕತ್ತರಿಸಿ ಕೊಡುತ್ತಾ ಅದನ್ನೇ ಹೇಳುತ್ತಿದ್ದ. ಆ ಮಾತು ಪೂರ್ತಿ ತಪ್ಪೂ ಅಲ್ಲ. 2020ರ ಏಪ್ರಿಲ್‌ನಲ್ಲಿ ಹೊರಗೆ ಕಾಲಿಡುವುದೇ ಭಯವಾಗಿತ್ತು, ಅಲ್ವಾ? ಆದರೆ ಕೆಲವು ಹಲ್ಲುನೋವು ತಡೆದುಕೊಳ್ಳುವಂಥದ್ದು, ಕೆಲವು ಒಂದು ದಿನವೂ ತಡೆಯಬಾರದಂಥದ್ದು. ಆ ವ್ಯತ್ಯಾಸವನ್ನು ಯಾರೂ ಹೇಳಿಕೊಡಲಿಲ್ಲ. ನಮ್ಮ ಮನೆಯ ಮಟ್ಟಿಗೆ ಎರಡೂ ಥರದ್ದನ್ನು ನೋಡಿದೆವು. ಇನ್ನೊಂದು ಸಲ ಇಂಥ ಕಾಲ ಬಂದರೆ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ನಾವಿರುವುದು ಡೊಂಬಿವಲಿಯಲ್ಲಿ. ಆದರೆ ನಮ್ಮ ಹಲ್ಲಿನ ಡಾಕ್ಟ್ರು ಇರುವುದು ಮಾಟುಂಗಾದಲ್ಲಿ. ಮುಂಬಯಿ ಕನ್ನಡಿಗರಿಗೆ ಇದು ಹೊಸದೇನಲ್ಲ. ಮನೆ ಎಷ್ಟೇ ದೂರ ಹೋದರೂ ಕನ್ನಡ ಮಾತಾಡುವ ಡಾಕ್ಟ್ರು, ಪರಿಚಯದ ದಿನಸಿ ಅಂಗಡಿ, ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮ ಎಂದು ಮಾಟುಂಗಾಕ್ಕೆ ಹೋಗುತ್ತಲೇ ಇರುತ್ತೇವೆ. ಮಾರ್ಚ್‌ನಲ್ಲಿ ಲೋಕಲ್ ರೈಲು ನಿಂತಾಗ ಅದೆಲ್ಲ ಒಂದೇ ದಿನಕ್ಕೆ ಕೈಗೆಟುಕದಂತಾಯಿತು. ನಮ್ಮ ಅತ್ತೆಗೆ ಆಗಷ್ಟೇ ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ, ಶುರುವಾಗಿತ್ತು. ಅರ್ಧ ಕೆಲಸ ಆಗಿತ್ತು. ಮೇಲೆ ತಾತ್ಕಾಲಿಕ ಸಿಮೆಂಟು ತುಂಬಿ ‘ಮುಂದಿನ ವಾರ ಬನ್ನಿ ಅಮ್ಮ’ ಎಂದು ಡಾಕ್ಟ್ರು ಕಳಿಸಿದ್ದರು. ಆ ಮುಂದಿನ ವಾರ ಬರಲೇ ಇಲ್ಲ. ಹೀಗೆ ಅರ್ಧ ರೂಟ್ ಕೆನಾಲ್ ಮಾಡಿಸಿಕೊಂಡು ಸಿಕ್ಕಿಹಾಕಿಕೊಂಡವರು ನಮ್ಮ ಸೊಸೈಟಿಯಲ್ಲೇ ಇನ್ನೂ ಕೆಲವರಿದ್ದರು.

ಡಾಕ್ಟ್ರಿಗೂ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಮಕ್ಕಳು ಬಿಡಲಿಲ್ಲ, ಕ್ಲಿನಿಕ್ ಮುಚ್ಚಿದರು. ಆದರೆ ಫೋನ್ ಮಾತ್ರ ಮುಚ್ಚಲಿಲ್ಲ. ಯಾವ ಹೊತ್ತಿಗೆ ಮಾಡಿದರೂ ಎತ್ತುತ್ತಿದ್ದರು. 2020ರ ಮಾರ್ಚ್ 25ರಂದು, ದೇಶ ಪೂರ್ತಿ ಮುಚ್ಚಿದ ದಿನವೇ, ಫೋನಿನಲ್ಲಿ, ವಿಡಿಯೋದಲ್ಲಿ ರೋಗಿಗಳಿಗೆ ಸಲಹೆ ಕೊಡುವುದಕ್ಕೆ ಸರ್ಕಾರದ ನಿಯಮಾವಳಿ ಬಂದಿತ್ತು. ಆದರೆ ನಮ್ಮ ಡಾಕ್ಟ್ರು ನಿಯಮ ಬಂತೆಂದು ಫೋನ್ ಎತ್ತಿದವರಲ್ಲ. ರೋಗಿಗಳ ಮೇಲೆ ಅವರಿಗಿದ್ದ ಅಕ್ಕರೆ ಅಂಥದ್ದು.

ಹಲ್ಲಿನ ಡಾಕ್ಟ್ರ ಕೋಣೆಗೇ ಜನ ಅಷ್ಟೊಂದು ಹೆದರಿದ್ದು ಯಾಕೆ ಎಂದು ನಾನು ಅವರನ್ನೇ ಕೇಳಿದ್ದೆ. ಅವರು ಹೇಳಿದ್ದು ನನಗೆ ಸರಿಯಾಗಿ ಅರ್ಥವಾಯಿತು. ಹುಳುಕು ಕೊರೆಯಲು ಬಳಸುವ ಏರೋಟರ್ ಎಂಬ ಯಂತ್ರ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗಕ್ಕೆ ಹಲ್ಲು ಬಿಸಿಯಾಗಿ ಒಳಗಿನ ನರವೇ ಸತ್ತುಹೋಗಬಹುದು. ಅದಕ್ಕೇ ಅದರ ಜೊತೆಯಲ್ಲೇ ನೀರು ಚಿಮ್ಮುತ್ತಿರುತ್ತದೆ. ಆ ನೀರು ಬಾಯಿಯ ಉಗುಳು, ರಕ್ತದ ಜೊತೆ ಸೇರಿ ಸಣ್ಣ ಸಣ್ಣ ಹನಿಯಾಗಿ ಹಾರುತ್ತದೆ. ಹಲ್ಲಿನ ಪಾಚಿ ತೆಗೆಯುವ ಕ್ಲೀನಿಂಗ್ ಯಂತ್ರದ್ದೂ ಇದೇ ಕಥೆ. ದೊಡ್ಡ ಹನಿಗಳು ಬೇಗ ಕೆಳಗೆ ಬೀಳುತ್ತವೆ. ತೀರಾ ಸಣ್ಣವು ಗಾಳಿಯಲ್ಲೇ ತೇಲುತ್ತಾ ಉಳಿಯುತ್ತವೆ. ಕಿಟಕಿ ಇಲ್ಲದೆ, ಏಸಿ ಹಾಕಿಕೊಂಡಿರುವ ಸಣ್ಣ ಕೋಣೆಯಾದರೆ ಇನ್ನೂ ಜಾಸ್ತಿ ಹೊತ್ತು. ಕೊರೊನಾ ವೈರಸ್ಸು ಉಗುಳಿನಲ್ಲೂ ಇರುತ್ತದೆ, ಜ್ವರ ಕೆಮ್ಮು ಏನೂ ಇಲ್ಲದವರ ಉಗುಳಿನಲ್ಲೂ ಇರಬಹುದು. ರೋಗಿ ಮಾಸ್ಕ್ ಹಾಕಿಕೊಂಡು ಬಾಯಿ ತೋರಿಸಲು ಆಗುವುದಿಲ್ಲ. ಡಾಕ್ಟ್ರ ಮುಖ ರೋಗಿಯ ಬಾಯಿಂದ ಒಂದೂವರೆ ಅಡಿ ದೂರದಲ್ಲೂ ಇರುವುದಿಲ್ಲ.

ಅಂದರೆ ಮೊದಲ ಅಪಾಯ ಡಾಕ್ಟ್ರಿಗೆ, ಪಕ್ಕದಲ್ಲಿ ಪೈಪು ಹಿಡಿದು ನಿಲ್ಲುವ ಅಸಿಸ್ಟೆಂಟ್ ಹುಡುಗಿಗೆ. ಆಮೇಲೆ ಅದೇ ಗಾಳಿಯಲ್ಲಿ ಬಂದು ಕೂರುವ ಮುಂದಿನ ರೋಗಿಗೆ. ನಾವು ನಮ್ಮ ಭಯವನ್ನಷ್ಟೇ ಲೆಕ್ಕ ಹಾಕುತ್ತಿದ್ದೆವು. ಆ ಹುಡುಗಿಯರು ಬಹಳ ಕಡಿಮೆ ಸಂಬಳಕ್ಕೆ ದಿನವಿಡೀ ಆ ಕೋಣೆಯಲ್ಲಿ ನಿಲ್ಲುತ್ತಾರೆ. ಅವರ ಬಗ್ಗೆ ಯಾರೂ ಬರೆದದ್ದು ನನಗೆ ನೆನಪಿಲ್ಲ.

2020ರ ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯ ಹಲ್ಲಿನ ಡಾಕ್ಟ್ರುಗಳಿಗೆ ಬೇರೆಯೇ ಮಾರ್ಗಸೂಚಿ ಹೊರಡಿಸಿತು. ಸೋಂಕಿನಿಂದಾಗಿ ಸೀಲ್ ಮಾಡಿದ ಕಂಟೈನ್‌ಮೆಂಟ್ ವಲಯದಲ್ಲಿ ಕ್ಲಿನಿಕ್ ಮುಚ್ಚಿರಬೇಕು, ಫೋನ್ ಸಲಹೆ ಮಾತ್ರ. ಸೋಂಕು ಜಾಸ್ತಿ ಇರುವ ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆ ಮಾತ್ರ. ಮುಂಬಯಿ ಆಗ ಕೆಂಪು ವಲಯ. ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೋಂಕು ಊರಿನಲ್ಲಿ ಹರಡಿರುವ ಕಡೆ ಮಾಮೂಲಿ ತಪಾಸಣೆ, ಕ್ಲೀನಿಂಗ್ ಮುಂದೂಡಿ ಎಂದಿತು. ತುರ್ತಿನದ್ದು ನಡೆಯಲೇಬೇಕು ಎಂದೂ ಅದರಲ್ಲಿ ಇತ್ತು. ಜನರ ಬಾಯಿಗೆ ಬಂದದ್ದು ಮೊದಲಿನ ಅರ್ಧ ಮಾತ್ರ. ‘ಹಲ್ಲಿನ ಡಾಕ್ಟ್ರ ಹತ್ರ ಹೋಗಬೇಡಿ ಅಂತ ಡಬ್ಲ್ಯುಎಚ್‌ಒ ಹೇಳಿದೆ’ ಎಂಬ ವಾಟ್ಸಾಪ್ ಸಂದೇಶ ನಮ್ಮ ಬಳಗದ ಎಲ್ಲ ಗ್ರೂಪಿನಲ್ಲೂ ಓಡಾಡಿತು. ಆ ಉಳಿದರ್ಧ ಎಷ್ಟು ಮುಖ್ಯ ಎಂದು ನನಗೆ ಆಗಲೇ ಗೊತ್ತಾಗಿತ್ತು, ಚಿಕ್ಕಮ್ಮನ ಮಗನಿಂದ.

ಅವನು ಕುಂದಾಪುರದ ಕಡೆಯವನು. ಇಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ. ಲಾಕ್‌ಡೌನ್ ಆದಾಗ ಊರಿಗೆ ಹೋಗಲು ಆಗದೆ ಹೋಟೆಲಿನ ಮಾಳಿಗೆಯಲ್ಲೇ ಉಳಿದವರಲ್ಲಿ ಅವನೂ ಒಬ್ಬ. ಕೆಳದವಡೆಯ ಹಲ್ಲು ಹುಳುಕಾಗಿ ವರ್ಷವೇ ಆಗಿತ್ತಂತೆ. ಹೋಟೆಲ್ ಕೆಲಸದವರಿಗೆ ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದು. ಹಲ್ಲು ತೋರಿಸಲು ಯಾವಾಗ ಹೋಗುತ್ತಾರೆ? ನೋವು ಜಾಸ್ತಿಯಾದಾಗ ಲವಂಗ ಇಟ್ಟುಕೊಂಡ. ಆಮೇಲೆ ಯಾರೋ ಉಳಿಸಿಟ್ಟಿದ್ದ ಆಂಟಿಬಯಾಟಿಕ್ ನುಂಗಿದ. ನೋವು ನಿಂತೇ ಹೋಯಿತು. ‘ಕಮ್ಮಿ ಆಯ್ತಕ್ಕ’ ಎಂದು ಫೋನ್ ಮಾಡಿ ಹೇಳಿದ್ದ.

ಇಲ್ಲೊಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಹುಳುಕು ಹಲ್ಲಿನ ನೋವು ತಾನಾಗಿ ನಿಂತರೆ ಅದು ವಾಸಿಯಾಯಿತು ಅಂತಲ್ಲ. ಹೆಚ್ಚಿನ ಸಲ ಒಳಗಿನ ನರ ಸತ್ತಿರುತ್ತದೆ, ಅದಕ್ಕೆ ನೋವು ಗೊತ್ತಾಗುವುದಿಲ್ಲ. ಸೋಂಕು ಮಾತ್ರ ಬೇರಿನ ತುದಿಯಿಂದ ಎಲುಬಿನೊಳಗೆ ಇಳಿಯುತ್ತಲೇ ಇರುತ್ತದೆ. ಆಂಟಿಬಯಾಟಿಕ್ ಅದನ್ನು ಸ್ವಲ್ಪ ದಿನ ಅದುಮಿಡಬಹುದು. ಮೂಲ ಇರುವುದು ಹಲ್ಲಿನೊಳಗೆ. ಹಲ್ಲನ್ನು ತೆಗೆಯದೆ, ಇಲ್ಲವೇ ರೂಟ್ ಕೆನಾಲ್ ಮಾಡಿ ಸ್ವಚ್ಛ ಮಾಡದೆ ಅದು ಹೋಗುವುದಿಲ್ಲ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವನ ಜೊತೆಯವನು ನನಗೆ ಫೋಟೋ ಕಳಿಸಿದ. ಗಲ್ಲದ ಕೆಳಗೆ ಎರಡೂ ಕಡೆ ಊದಿಕೊಂಡಿತ್ತು. ಜ್ವರ ಇತ್ತು. ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಅರ್ಧ ಶಟರ್ ಎತ್ತಿ, ಕೋವಿಡ್ ರಿಪೋರ್ಟ್ ತಂದರೆ ನೋಡುತ್ತೇವೆ ಎಂದು ಕಳಿಸಿದ್ದರು. ಆ ಫೋಟೋವನ್ನು ಮಾಟುಂಗಾದ ಡಾಕ್ಟ್ರಿಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿ ಕೇಳಿದರು. ಬಾಯಿ ಎರಡು ಬೆರಳು ಅಗಲವಾದರೂ ತೆರೆಯುತ್ತದಾ? ಉಗುಳು ನುಂಗಲು ಆಗುತ್ತದಾ? ನಾಲಿಗೆ ಮೇಲಕ್ಕೆ ಎದ್ದ ಹಾಗಿದೆಯಾ? ಮಾತು ತೊದಲುತ್ತದಾ? ಕೇಳಿ ಹೇಳಿದೆ. ‘ಇದು ಕ್ಲಿನಿಕ್ಕಿನ ಕೆಲಸ ಅಲ್ಲಮ್ಮ. ಉಸಿರಿನ ದಾರಿ ಮುಚ್ಚಿಹೋಗಬಹುದು. ಈಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಿ. ರಿಪೋರ್ಟು ಅಲ್ಲೇ ಮಾಡ್ತಾರೆ’ ಅಂದರು. ಕೆಳದವಡೆಯ ಹಲ್ಲಿನ ಸೋಂಕು ನಾಲಿಗೆಯ ಕೆಳಗೆ, ಕುತ್ತಿಗೆಗೆ ಹರಡುವ ಇದಕ್ಕೆ ಲುಡ್‌ವಿಗ್ಸ್ ಆಂಜೈನಾ ಎನ್ನುತ್ತಾರೆ. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದಾದ ಕಾಯಿಲೆ. ಹೋಟೆಲಿನ ಧಣಿ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಅವರ ಋಣ ನಮ್ಮ ಮನೆಯವರ ಮೇಲೆ ಇದೆ. ಆಸ್ಪತ್ರೆಯಲ್ಲಿ ಕೀವು ತೆಗೆದು, ರಕ್ತನಾಳಕ್ಕೆ ಔಷಧಿ ಕೊಟ್ಟು, ಆ ಹಲ್ಲನ್ನೂ ಕಿತ್ತರು. ಹುಡುಗ ಉಳಿದ.

ಆಮೇಲೆ ನಾನು ಯಾರಿಗೆ ಹಲ್ಲುನೋವು ಎಂದರೂ ಮೊದಲು ಡಾಕ್ಟ್ರು ಕೇಳಿದ ಆ ಪ್ರಶ್ನೆಗಳನ್ನೇ ಕೇಳುತ್ತೇನೆ. ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡುತ್ತಿದ್ದರೆ, ಬಾಯಿ ತೆರೆಯಲು ಆಗದಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಹಲ್ಲು ಕಿತ್ತ ಜಾಗದಲ್ಲಿ ಬಟ್ಟೆ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಬಿದ್ದು ದವಡೆ ಮುರಿದಿದ್ದರೆ ಕಾಯುವ ಮಾತೇ ಇಲ್ಲ. ಯಾವ ಸಾಂಕ್ರಾಮಿಕ ಇದ್ದರೂ ಹೋಗಲೇಬೇಕು. ಮಕ್ಕಳ ಶಾಶ್ವತ ಹಲ್ಲು ಪೆಟ್ಟಾಗಿ ಪೂರ್ತಿ ಕಿತ್ತು ಬಂದರೂ ಹಾಗೆಯೇ. ಬೇರನ್ನು ಮುಟ್ಟದೆ, ಮೇಲ್ಭಾಗ ಹಿಡಿದು, ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ತಲುಪಿದರೆ ಮತ್ತೆ ಕೂರಿಸುವ ಸಾಧ್ಯತೆ ಚೆನ್ನಾಗಿರುತ್ತದೆ. ರಾತ್ರಿ ನಿದ್ದೆಗೆಡಿಸುವ ನೋವಿಗೆ ಅದೇ ದಿನ ಫೋನ್ ಮಾಡಬೇಕು. ತಣ್ಣಗಿನದ್ದು ಕುಡಿದಾಗ ಜುಮ್ ಅನ್ನುವುದು, ಕ್ಯಾಪ್ ಸ್ವಲ್ಪ ಅಲುಗಾಡುವುದು, ವರ್ಷದ ಕ್ಲೀನಿಂಗ್, ಮಕ್ಕಳ ಹಲ್ಲಿಗೆ ಹೊಸದಾಗಿ ತಂತಿ ಹಾಕಿಸುವುದು ಇವೆಲ್ಲ ಅಲೆ ಇಳಿಯುವವರೆಗೆ ಕಾಯಬಹುದು.

ಅತ್ತೆಯ ಹಲ್ಲು ಇವೆರಡರ ನಡುವಿನದ್ದು. ತಾತ್ಕಾಲಿಕ ಸಿಮೆಂಟು ಬಿದ್ದುಹೋಗಿತ್ತು. ನೋವಿಲ್ಲ, ಊತವಿಲ್ಲ. ಆದರೆ ಹಲ್ಲು ಬಾಯಿ ತೆರೆದುಕೊಂಡು ಕೂತಿದೆ, ಜೊತೆಗೆ ಡಯಾಬಿಟಿಸ್. ಆ ಕಡೆ ಅಗಿಯಬೇಡಿ, ಉಂಡ ಮೇಲೆ ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ ಎಂದು ಡಾಕ್ಟ್ರು ಫೋನಿನಲ್ಲಿ ಹೇಳಿದರು. ತಿಂಗಳುಗಟ್ಟಲೆ ಹೀಗೇ ಬಿಡುವ ಹಾಗಿಲ್ಲ ಎಂದೂ ಹೇಳಿದರು. ಅಕ್ಟೋಬರ್ 21ರಿಂದ ಹೆಂಗಸರಿಗೆ ಬೆಳಿಗ್ಗೆ 11ರಿಂದ 3ರವರೆಗೆ ಲೋಕಲ್ ರೈಲಿನಲ್ಲಿ ಹೋಗಲು ಬಿಟ್ಟರು. ಅತ್ತೆಗೆ ದಾದರಿನ ಕಡೆ ಯಾರಾದರೂ ಡಾಕ್ಟ್ರಿರಬಹುದು ಎಂಬ ಆಸೆ. ನನಗೆ ಧೈರ್ಯ ಬರಲಿಲ್ಲ. ಡಾಕ್ಟ್ರೂ ಬೇಡ ಎಂದರು. ‘ಕುರ್ಚಿಗಿಂತ ದಾರಿ ದೊಡ್ಡ ಅಪಾಯ. ನಡೆದು ಹೋಗುವಷ್ಟು ಹತ್ತಿರ ಒಬ್ಬರನ್ನು ಹುಡುಕಿ. ಹೋಗುವ ಮೊದಲು ಫೋನಿನಲ್ಲಿ ಚೆನ್ನಾಗಿ ಕೇಳಿ’ ಎಂದು ಏನೇನು ಕೇಳಬೇಕು ಎಂದೂ ಬರೆಸಿದರು.

ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಕೋಣೆಗೆ ಹೊರಗಿನ ಗಾಳಿ ಬರುವ ಕಿಟಕಿ ಇದೆಯಾ. ಒಬ್ಬ ರೋಗಿ ಹೋದ ಮೇಲೆ ಇನ್ನೊಬ್ಬರನ್ನು ಕರೆಯುವ ಮೊದಲು ಎಷ್ಟು ಹೊತ್ತು ಬಿಡುತ್ತೀರಿ. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ಹಾಳೆ ಹಾಕುತ್ತೀರಾ. ಉಗುಳು ಎಳೆಯಲು ಸಣ್ಣ ಪೈಪು ಮಾತ್ರವೋ, ದೊಡ್ಡ ಸಕ್ಷನ್ ಇದೆಯೋ. ಏರೋಟರ್‌ನ ಹಿಡಿಯನ್ನೂ ಪ್ರತಿ ರೋಗಿಗೆ ಬಿಸಿ ಹಬೆಯಲ್ಲಿ ಆಟೋಕ್ಲೇವ್ ಮಾಡುತ್ತೀರಾ, ಸುಮ್ನೆ ಸ್ಪಿರಿಟ್ಟಿನಲ್ಲಿ ಒರೆಸುತ್ತೀರಾ.

ಒಂದು ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಕೇಳಿದ ಕೂಡಲೇ ‘ನಂಬಿಕೆ ಇಲ್ಲದಿದ್ದರೆ ಬರಬೇಡಿ’ ಅಂದರು. ಬರುವುದಿಲ್ಲ ಎಂದು ಫೋನ್ ಇಟ್ಟೆ. ಪ್ರಶ್ನೆಗೆ ಸಿಟ್ಟಾಗುವ ಜಾಗಕ್ಕೆ ಅತ್ತೆಯನ್ನು ಕರೆದೊಯ್ಯುವುದು ನನ್ನಿಂದ ಆಗದು. ಇನ್ನೊಂದು ಕ್ಲಿನಿಕ್ಕಿನಲ್ಲಿ ಫೋನ್ ಎತ್ತಿದ್ದು ವಯಸ್ಸಿನಲ್ಲಿ ಚಿಕ್ಕ ಡಾಕ್ಟ್ರು, ಮರಾಠಿಯವರು. ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರು. ಏಸಿ ತೆಗೆಸಿ ಕಿಟಕಿಗೆ ಗಾಳಿ ಹೊರಗೆ ತಳ್ಳುವ ಫ್ಯಾನ್ ಹಾಕಿಸಿದ್ದರಂತೆ. ಅಷ್ಟೂ ಕೇಳಿಕೊಂಡ ಮೇಲೆ ಅವರೇ ನನ್ನನ್ನು ಕೇಳಿದರು. ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ, ವಾಸನೆ ರುಚಿ ಹೋಗಿದೆಯಾ, ಆಜಿಯ ಸಕ್ಕರೆ ಎಷ್ಟಿದೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರಾ. ನನಗೆ ಆಗಲೇ ಅವರ ಮೇಲೆ ಭರವಸೆ ಬಂತು.

ರಬ್ಬರ್ ಡ್ಯಾಮ್ ಎಂದರೆ ಒಂದು ತೆಳು ರಬ್ಬರ್ ಹಾಳೆ. ಕೆಲಸ ಮಾಡುವ ಹಲ್ಲು ಮಾತ್ರ ಅದರ ತೂತಿನಿಂದ ಹೊರಗೆ ಕಾಣುತ್ತದೆ. ಉಳಿದ ಬಾಯಿ, ಉಗುಳು ಎಲ್ಲ ಹಿಂದೆ ಉಳಿಯುತ್ತದೆ. ಹಾಗಾಗಿ ಹಾರುವ ನೀರಿನಲ್ಲಿ ಉಗುಳು ಬಹಳ ಕಡಿಮೆ. ರೂಟ್ ಕೆನಾಲಿಗೆ ಇದನ್ನು ಹಾಕುವುದು ಕೋವಿಡ್‌ಗಿಂತ ಎಷ್ಟೋ ಹಿಂದಿನಿಂದ ಇರುವ ಒಳ್ಳೆಯ ಪದ್ಧತಿ. ಸಣ್ಣ ಸೂಜಿ ಜಾರಿ ಗಂಟಲಿಗೆ ಬೀಳುವುದನ್ನೂ ಅದು ತಡೆಯುತ್ತದೆ. ಎಷ್ಟೋ ಕಡೆ ಹಾಕುತ್ತಿರಲಿಲ್ಲ, ಅಷ್ಟೇ. ಆಟೋಕ್ಲೇವ್ ಅಂದರೆ ಹಬೆಯ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ 15 ನಿಮಿಷ ಇಡುವುದು. ಉಪಕರಣ ಇಟ್ಟ ಪೊಟ್ಟಣದ ಮೇಲಿನ ಗುರುತು ಬಿಸಿಗೆ ಬಣ್ಣ ಬದಲಿಸುತ್ತದೆ. ಆ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಹರಿಯಬೇಕು. ಹರಿಯಿರಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಆ ಕಾಲದಲ್ಲಿ ಕೆಲವು ಕಡೆ ಬಾಗಿಲಲ್ಲೇ ಔಷಧಿ ಸಿಂಪಡಿಸುವ ಸುರಂಗ ಇಟ್ಟಿದ್ದರು. ಮನುಷ್ಯರ ಮೇಲೆ ಸಿಂಪಡಿಸಬೇಡಿ, ಅದರಿಂದ ಕೆಡುಕೇ ಜಾಸ್ತಿ ಎಂದು ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಕಣ್ಣಿಗೆ ಕಾಣುವ ಆಡಂಬರ ಒಂದು, ನಿಜವಾಗಿ ಕಾಪಾಡುವುದು ಇನ್ನೊಂದು. ತೆರೆದ ಕಿಟಕಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ಕೆಲಸ ಅದೇ ಮಾಡುತ್ತದೆ.

ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿಕೊಂಡೆವು. ರಾತ್ರಿಯಿಡೀ ಕೋಣೆ ಖಾಲಿ ಇರುತ್ತದೆ, ಗಾಳಿ ಹೊಸದಾಗಿರುತ್ತದೆ. ಅತ್ತೆ ಎಂದಿನಂತೆ ತಿಂಡಿ ತಿಂದು ಸಕ್ಕರೆ ಮಾತ್ರೆ ನುಂಗಿಯೇ ಹೊರಟರು. ಹಲ್ಲು ತೋರಿಸಲು ಹೋಗುವಾಗ ಹಸಿದು ಹೋಗಬೇಕು ಎಂದು ಹಳಬರು ತಿಳಿದಿರುತ್ತಾರೆ. ಡಯಾಬಿಟಿಸ್ ಇರುವವರು ಹಾಗೆ ಮಾಡಿದರೆ ಕುರ್ಚಿಯಲ್ಲೇ ಸಕ್ಕರೆ ಇಳಿದು ತಲೆ ತಿರುಗಬಹುದು. ಮನೆಯಲ್ಲೇ ಹಲ್ಲುಜ್ಜಿ, ಶೌಚಕ್ಕೆ ಹೋಗಿ ಬಂದರು. ಕಾಯುವ ಕೋಣೆಯಲ್ಲಿ ಕೂರಲಿಲ್ಲ, ಕರೆಯುವವರೆಗೆ ಕೆಳಗೆ ಮರದ ನೆರಳಿನಲ್ಲಿ ನಿಂತೆವು. ಒಳಗೆ ಜ್ವರ ನೋಡಿ, ಬೆರಳಿಗೆ ಆಕ್ಸಿಮೀಟರ್ ಹಾಕಿ, ಒಂದು ಫಾರ್ಮಿಗೆ ಸಹಿ ತಗೊಂಡರು. ಕುರ್ಚಿಯಲ್ಲಿ ಕೂರುವ ಮೊದಲು ಔಷಧಿ ನೀರಿನಲ್ಲಿ ಬಾಯಿ ಮುಕ್ಕಳಿಸಲು ಕೊಟ್ಟರು.

ಒಂದು ಕಷ್ಟ ಮಾತ್ರ ಯಾರೂ ಯೋಚಿಸಿರಲಿಲ್ಲ. ಅತ್ತೆಗೆ ಕಿವಿ ಮಂದ. ತುಟಿ ನೋಡಿಯೇ ಮಾತು ಅರ್ಥ ಮಾಡಿಕೊಳ್ಳುವವರು. ಡಾಕ್ಟ್ರು ಎನ್95 ಮಾಸ್ಕ್, ಅದರ ಮೇಲೆ ಇನ್ನೊಂದು, ಮುಖಕ್ಕೆ ಶೀಲ್ಡ್, ಮೈತುಂಬ ಬಿಳಿ ಉಡುಪು. ತುಟಿ ಎಲ್ಲಿ ಕಾಣಬೇಕು? ಧ್ವನಿಯೂ ಹೂತುಹೋದಂತೆ ಬರುತ್ತಿತ್ತು. ಅತ್ತೆ ಗಾಬರಿಯಾದರು. ಡಾಕ್ಟ್ರು ನನ್ನ ಕೈಗೆ ಕಾಗದ ಕೊಟ್ಟು ‘ಕಾಕೂ, ನಿಮ್ಮ ಭಾಷೆಯಲ್ಲಿ ದೊಡ್ಡದಾಗಿ ಬರೀರಿ’ ಅಂದರು. ‘ನೋವಾದರೆ ಎಡಗೈ ಎತ್ತಿ’, ‘ಮೂಗಿನಲ್ಲಿ ಉಸಿರಾಡಿ’, ‘ಇನ್ನು ಸ್ವಲ್ಪ ಹೊತ್ತು’ ಎಂದು ಒಂದೊಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅಸಿಸ್ಟೆಂಟ್ ಹುಡುಗಿ ಬೇಕಾದಾಗ ಬೇಕಾದ ಹಾಳೆ ಹಿಡಿದು ತೋರಿಸುತ್ತಿದ್ದಳು. ಕನ್ನಡ ಒಂದಕ್ಷರ ಬಾರದ ಹುಡುಗಿ. ಯಾವುದು ಯಾವುದೆಂದು ಮರೆಯದಿರಲು ಮೂಲೆಯಲ್ಲಿ ಮರಾಠಿಯಲ್ಲಿ ಗುರುತು ಹಾಕಿಕೊಂಡಿದ್ದಳು. ವಯಸ್ಸಾದವರನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಇದನ್ನೇ. ಹಾಳೆ ಮೊದಲೇ ಬರೆದುಕೊಂಡು ಹೋಗಿ.

ಬಿಲ್ಲಿನಲ್ಲಿ ಪಿಪಿಇ ಕಿಟ್ಟಿಗೆ ಬೇರೆ ಹಣ ಹಾಕಿದ್ದರು. ನಮಗೆ ಕೊಡಲು ಆಯಿತು. ಆಗದವರು ಎಷ್ಟು ಜನ. ಹಲ್ಲಿನ ಮಾಮೂಲಿ ಚಿಕಿತ್ಸೆಗೆ ನಮ್ಮಲ್ಲಿ ಹೆಚ್ಚಿನ ವಿಮೆಗಳು ಹಣ ಕೊಡುವುದಿಲ್ಲ. ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ದಂತ ಕಾಲೇಜು, ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ಆಸ್ಪತ್ರೆಯ ದಂತ ಕಾಲೇಜು ಇವೆರಡರಲ್ಲೂ ಖರ್ಚು ಕಡಿಮೆ ಎಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕಾಯುವ ಹೊತ್ತು ಜಾಸ್ತಿ, ಆದರೆ ಕೆಲಸ ತಿಳಿದವರ ಕಣ್ಣೆದುರೇ ನಡೆಯುತ್ತದೆ.

ಅಮೆರಿಕದ ದಂತವೈದ್ಯರ ಸಂಘ 2020ರ ಜೂನ್‌ನಲ್ಲಿ ಅಲ್ಲಿನ ಡಾಕ್ಟ್ರುಗಳ ಸಮೀಕ್ಷೆ ಮಾಡಿತ್ತು. ಅವರಲ್ಲಿ ಕೋವಿಡ್ ಬಂದವರು ಶೇಕಡಾ 1ಕ್ಕಿಂತ ಕಡಿಮೆ. ಆಗ ಲಸಿಕೆ ಇನ್ನೂ ಇರಲಿಲ್ಲ. ನಮ್ಮ ಸಣ್ಣ ಕ್ಲಿನಿಕ್ಕುಗಳಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ, ನಿಜ. ಆದರೂ ಎಲ್ಲರಿಗಿಂತ ಹತ್ತಿರ ನಿಂತು ಕೆಲಸ ಮಾಡುವವರೇ ಎಚ್ಚರದಿಂದ ಇದ್ದರೆ ಉಳಿಯಬಹುದು ಎಂದಾಯಿತಲ್ಲ. ಆ ಸುದ್ದಿ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಬರಲೇ ಇಲ್ಲ.

ಇನ್ನು ಮನೆಯ ವಿಷಯ. ಡಾಕ್ಟ್ರ ಹತ್ತಿರ ಹೋಗುವುದು ಕಷ್ಟವಾದಾಗ ಮನೆಯಲ್ಲಿ ಜಾಸ್ತಿ ಎಚ್ಚರ ಬೇಕಿತ್ತು. ಆದದ್ದು ತಿರುಗಾಮುರುಗಾ. ಎಲ್ಲರೂ ದಿನವಿಡೀ ಮನೆಯಲ್ಲೇ. ಆನ್‌ಲೈನ್ ಕ್ಲಾಸಿನ ನಡುವೆ ಬಿಸ್ಕೆಟ್, ಮೀಟಿಂಗ್ ನಡುವೆ ಚಹಾ, ಮಧ್ಯಾಹ್ನ ಚಕ್ಕುಲಿ, ರಾತ್ರಿ ಎರಡಕ್ಕೆ ಮಲಗಿ ಹಲ್ಲುಜ್ಜದೆ ನಿದ್ದೆ. ಸಿಹಿ ಎಷ್ಟು ತಿಂದೆವು ಎಂಬುದಕ್ಕಿಂತ ಎಷ್ಟು ಸಲ ತಿಂದೆವು ಎಂಬುದು ಹಲ್ಲಿಗೆ ಮುಖ್ಯ. ಪ್ರತಿ ಸಲ ತಿಂದಾಗಲೂ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಉಗುಳು ಅದನ್ನು ತೊಳೆದು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕೆಟ್ ಬಾಯಿಗೆ ಹೋಗಿರುತ್ತದೆ.

ಒಳ್ಳೆಯದಕ್ಕೆಂದು ಮಾಡಿದ್ದೂ ಕೆಲವೊಮ್ಮೆ ಹಲ್ಲಿಗೆ ಹೊರೆಯಾಯಿತು. ಬಿಸಿನೀರಿಗೆ ನಿಂಬೆ ಹಿಂಡಿ ದಿನಕ್ಕೆ ಎಷ್ಟೋ ಲೋಟ ಕುಡಿದರು. ಚೀಪುವ ವಿಟಮಿನ್ ಸಿ ಮಾತ್ರೆಯನ್ನು ಪೆಪ್ಪರ್‌ಮಿಂಟಿನ ಹಾಗೆ ಬಾಯಲ್ಲಿ ಇಟ್ಟುಕೊಂಡರು. ಕಷಾಯಕ್ಕೆ ಬೆಲ್ಲ ಸುರಿದರು. ನಿಂಬೆಯ ಹುಳಿ, ಮಾತ್ರೆಯ ಹುಳಿ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ. ಅದರ ಮೇಲೆ ಕೂಡಲೇ ಬ್ರಷ್ ತಿಕ್ಕಿದರೆ ಪದರವೇ ಸವೆಯುತ್ತದೆ. ಹುಳಿ ಕುಡಿದರೆ ಸಾದಾ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಬೇಕು. ಗಾರ್ಗಲ್ ಔಷಧಿಗಳ ಕಥೆಯೂ ಇದೇ. ಅಯೋಡಿನ್ ಇರುವ ಗಾರ್ಗಲ್ಲನ್ನು ಥೈರಾಯ್ಡ್ ತೊಂದರೆ ಇರುವವರು ಡಾಕ್ಟ್ರನ್ನು ಕೇಳದೆ ದಿನಾ ಬಳಸಬಾರದು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ವಾರಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪುನೀರಿಗೆ ಇಂಥ ತಕರಾರಿಲ್ಲ, ಬಿಪಿ ಇರುವವರು ನುಂಗದಿದ್ದರೆ ಸರಿ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರಿಗೆ ಕೋವಿಡ್ ಬಂದಾಗ ನೋಡಿದೆ. ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಬ್ರಷ್ ಮಾತ್ರ ಎಲ್ಲರದ್ದೂ ಬಚ್ಚಲಿನ ಒಂದೇ ಲೋಟದಲ್ಲಿ, ತಲೆಗೆ ತಲೆ ತಾಗಿಸಿಕೊಂಡು. ಒಂದು ಖೋಲಿ ಮನೆಯಲ್ಲಿ ಜಾಗ ಎಲ್ಲಿದೆ ಎನ್ನಬಹುದು. ಕಾಯಿಲೆಯವರ ಬ್ರಷ್, ಪೇಸ್ಟು ಬೇರೆ ಇಟ್ಟರೆ ಸಾಕು. ಗುಣವಾದ ಮೇಲೆ ಹೊಸ ಬ್ರಷ್ ತಗೊಳ್ಳುವುದು ಒಳ್ಳೆಯದು. ಹಲ್ಲಿನ ಸೆಟ್ಟು ಇರುವ ಹಿರಿಯರು ರಾತ್ರಿ ಅದನ್ನು ತೆಗೆದು, ಮೆತ್ತನೆಯ ಬ್ರಷ್ಷಿನಲ್ಲಿ ಸೋಪು ಹಾಕಿ ತೊಳೆದು ನೀರಿನಲ್ಲಿ ಇಡಬೇಕು. ಬಿಸಿನೀರು ಬೇಡ, ಸೆಟ್ಟು ಸೊಟ್ಟಗಾಗುತ್ತದೆ. ಫ್ಲೋರೈಡ್ ಇರುವ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ, ಎರಡು ನಿಮಿಷ ಉಜ್ಜುವುದು ಎಲ್ಲರಿಗೂ ಗೊತ್ತಿರುವುದೇ. ಎರಡನೆಯ ಸಲ ಮಲಗುವ ಮುಂಚೆಯೇ ಆಗಬೇಕು ಎಂಬುದನ್ನು ಮಾತ್ರ ಮರೆಯುತ್ತೇವೆ.

ಇಲ್ಲಿ ಮಿಶ್ರಿಯ ಬಗ್ಗೆ ಹೇಳಲೇಬೇಕು. ಮಹಾರಾಷ್ಟ್ರದ ಹಳ್ಳಿಗಳಿಂದ ಬಂದ ಎಷ್ಟೋ ಹೆಂಗಸರು ಸುಟ್ಟ ಹೊಗೆಸೊಪ್ಪಿನ ಪುಡಿಯಲ್ಲಿ ಹಲ್ಲು ತಿಕ್ಕುತ್ತಾರೆ. ನಮ್ಮ ಮನೆಗೆಲಸಕ್ಕೆ ಬರುವವರೂ ತಿಕ್ಕುತ್ತಾರೆ. ಲಾಕ್‌ಡೌನ್‌ನಲ್ಲಿ ಚಿಂತೆ ಹೆಚ್ಚಾದ ಹಾಗೆ ದಿನಕ್ಕೆ ತಿಕ್ಕುವ ಸಲವೂ ಹೆಚ್ಚಾಯಿತು ಎಂದು ಅವರೇ ಹೇಳಿದರು. ಅದು ಹಲ್ಲುಪುಡಿ ಅಲ್ಲ, ತಂಬಾಕು. ಒಸಡನ್ನೂ ತಿನ್ನುತ್ತದೆ, ಬಾಯಿ ಕ್ಯಾನ್ಸರಿಗೂ ದಾರಿ. ಬೈದು ಬಿಡಿಸಲು ಆಗುವುದಿಲ್ಲ. ಕೂತು ಮಾತಾಡಬೇಕು.

ಒಸಡಿನ ಕಾಯಿಲೆಯೂ ಡಯಾಬಿಟಿಸ್ಸೂ ಒಂದನ್ನೊಂದು ಹೆಚ್ಚಿಸುತ್ತವೆ ಎಂಬುದು ಹಳೆಯ ಮಾತು. 2021ರಲ್ಲಿ ಕತಾರ್‌ನ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ ಬಂತು. ಮುಂದುವರಿದ ಒಸಡು ರೋಗ ಇದ್ದವರಲ್ಲಿ ಕೋವಿಡ್ ಬಿಗಡಾಯಿಸಿದ್ದು, ವೆಂಟಿಲೇಟರ್ ಬೇಕಾದದ್ದು ಹೆಚ್ಚು ಕಂಡಿತು. ಒಸಡಿನಿಂದಲೇ ಹಾಗಾಯಿತು ಎಂದು ಅದರಿಂದ ಹೇಳಲಾಗದು. ಆದರೆ ಒಸಡಿನಲ್ಲಿ ರಕ್ತ ಬಂದರೆ ‘ಅದೇನು ಬಿಡಿ’ ಎನ್ನುವ ನಮ್ಮ ಅಭ್ಯಾಸ ಹೋಗಬೇಕು. ರಕ್ತ ಬರುತ್ತದೆಂದು ಬ್ರಷ್ ಮಾಡುವುದನ್ನೇ ನಿಲ್ಲಿಸಿದರೆ ಅದು ಇನ್ನೂ ಕೆಡುತ್ತದೆ.

2021ರ ಏಪ್ರಿಲ್, ಮೇ ತಿಂಗಳನ್ನು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ. ಆಕ್ಸಿಜನ್ ಹುಡುಕಾಟ ಒಂದು ಕಡೆಯಾದರೆ, ಗುಣವಾಗಿ ಮನೆಗೆ ಬಂದವರಿಗೆ ಕಪ್ಪು ಶಿಲೀಂಧ್ರ ಇನ್ನೊಂದು ಕಡೆ. ಮಹಾರಾಷ್ಟ್ರ ತುಂಬಾ ಪೆಟ್ಟು ತಿಂದ ರಾಜ್ಯಗಳಲ್ಲಿ ಒಂದು. ಈ ಶಿಲೀಂಧ್ರ ಮಣ್ಣಿನಲ್ಲಿ, ಗಾಳಿಯಲ್ಲಿ ಎಲ್ಲ ಕಡೆ ಇರುವಂಥದ್ದೇ. ಸಕ್ಕರೆ ಏರಿದವರಿಗೆ, ಜಾಸ್ತಿ ಸ್ಟೀರಾಯ್ಡ್ ತಗೊಂಡವರಿಗೆ ಮೈಯ ತಡೆಯುವ ಶಕ್ತಿ ಕುಗ್ಗಿದಾಗ ಅದು ಮೂಗಿನಿಂದ ಒಳಗೆ ಹೊಕ್ಕು ಮೇಲ್ದವಡೆ, ಕಣ್ಣು, ಮಿದುಳಿನವರೆಗೂ ಹೋಗುತ್ತದೆ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಲು ರಾಜ್ಯಗಳಿಗೆ ಹೇಳಿತು. ಅದಕ್ಕೆ ಕೊಡುವ ಆಂಫೋಟೆರಿಸಿನ್ ಬಿ ಇಂಜೆಕ್ಷನ್ನಿಗೆ ಜನ ಊರೂರು ಅಲೆದರು.

ಆ ಚಿಕ್ಕ ಡಾಕ್ಟ್ರು ಆಗಿನ ಒಂದು ಮಾತು ಹೇಳಿದ್ದರು. ಕೋವಿಡ್ ಗುಣವಾಗಿ ಬಂದ ಒಬ್ಬರಿಗೆ ಮೇಲಿನ ಹಲ್ಲುಗಳು ಒಟ್ಟಿಗೇ ಅಲುಗಾಡತೊಡಗಿದ್ದವಂತೆ. ನಿಶ್ಶಕ್ತಿ ಇರಬೇಕು ಎಂದು ಮನೆಯವರು ಸುಮ್ಮನಿದ್ದರು. ಹುಳುಕಿಲ್ಲದ, ಗಟ್ಟಿಯಾಗಿದ್ದ ಹಲ್ಲು ಹೀಗೆ ಒಮ್ಮೆಲೇ ಸಡಿಲವಾಗುವುದು ಸರಿಯಲ್ಲ ಎಂದು ಇವರು ಅದೇ ದಿನ ಇಎನ್‌ಟಿ ಡಾಕ್ಟ್ರ ಹತ್ತಿರ ಕಳಿಸಿದರು. ಬೇಗ ಗೊತ್ತಾದ್ದರಿಂದ ಕಣ್ಣು ಉಳಿಯಿತು. ತಡವಾದವರಿಗೆ ಮೇಲ್ದವಡೆಯನ್ನೇ ತೆಗೆಯಬೇಕಾಯಿತು. ಅಂಥವರಿಗೆ ನೀರು ಕುಡಿದರೆ ಮೂಗಿಗೆ ಬರುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಅಂಗುಳ ಮುಚ್ಚುವ ಪ್ಲೇಟು ಮಾಡಿಕೊಟ್ಟು ಅವರು ಮತ್ತೆ ಗಂಜಿ ಕುಡಿಯುವ ಹಾಗೆ ಮಾಡಿದವರೂ ಹಲ್ಲಿನ ಡಾಕ್ಟ್ರುಗಳೇ. ಕೋವಿಡ್ ಯೋಧರು ಎಂದು ಹೊಗಳುವಾಗ ಇವರ ಹೆಸರು ಯಾಕೆ ಬರಲಿಲ್ಲವೋ.

ಈಗ ಮಾಸ್ಕ್ ಹೋಗಿದೆ, ಆಕ್ಸಿಮೀಟರ್ ಡ್ರಾಯರಿಗೆ ಸೇರಿದೆ. ನಾವು ಮಾತ್ರ ಆ ಹತ್ತಿರದ ಡಾಕ್ಟ್ರನ್ನು ಬಿಟ್ಟಿಲ್ಲ. ಅವರ ಕ್ಲಿನಿಕ್ಕಿನ ಕಿಟಕಿ ಈಗಲೂ ತೆರೆದೇ ಇರುತ್ತದೆ, ಪೊಟ್ಟಣ ಎದುರೇ ಹರಿಯುತ್ತಾರೆ. ಜ್ವರವೋ ನೆಗಡಿಯೋ ಇದ್ದರೆ ಫೋನ್ ಮಾಡಿ ದಿನ ಮುಂದೂಡುತ್ತೇವೆ, ಅವರೂ ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಮನಸ್ಸಿಗೆ ಸಮಾಧಾನ ಇಲ್ಲದ್ದು ಹೋಟೆಲ್ ಹುಡುಗರ ವಿಷಯದಲ್ಲಿ. ಚಿಕ್ಕಮ್ಮನ ಮಗನ ಜೊತೆ ಮಾಳಿಗೆಯಲ್ಲಿ ಮಲಗುವವರಲ್ಲಿ ಹುಳುಕಿಲ್ಲದ ಬಾಯಿ ಅಪರೂಪವಂತೆ. ನಮ್ಮ ಸಂಘಗಳು ಬಿಪಿ, ಸಕ್ಕರೆ, ಕಣ್ಣಿನ ತಪಾಸಣೆ ಶಿಬಿರ ಮಾಡುತ್ತವೆ, ರಕ್ತದಾನ ಮಾಡಿಸುತ್ತವೆ. ಹಲ್ಲಿಗೆ ಒಂದು ಕುರ್ಚಿ, ಒಂದು ಟಾರ್ಚು, ಒಬ್ಬ ಡಾಕ್ಟ್ರು ಸಾಕು, ಯಾರಿಗೆ ಏನಾಗಬೇಕು ಎಂದು ಚೀಟಿ ಬರೆದುಕೊಡಬಹುದು. ಅದೂ ಭಾನುವಾರ ಬೆಳಿಗ್ಗೆ ಅಲ್ಲ, ಹೋಟೆಲಿನಲ್ಲಿ ಗಿರಾಕಿ ಕಡಿಮೆ ಇರುವ ಮಧ್ಯಾಹ್ನ 3ರಿಂದ 5ರ ಒಳಗೆ ಇಡಬೇಕು. ಡೊಂಬಿವಲಿಯ ಡಾಕ್ಟ್ರು ಬರಲು ಒಪ್ಪಿದ್ದಾರೆ. ಮಾಟುಂಗಾದ ಹಿರಿಯ ಡಾಕ್ಟ್ರು ಕೂತುಕೊಂಡು ಚೀಟಿ ಬರೆಯುತ್ತೇನೆ ಎಂದಿದ್ದಾರೆ. ಜಾಗ ಕೊಡಲು ಮನಸ್ಸಿರುವ ಸಂಘದವರು, ಹೋಟೆಲಿನ ಧಣಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ.